ಎರಡು ಚೀಲ ಕೆಂಪು ಮಣ್ಣು

ಸಿದ್ಧಲಿಂಗನ ಮನೆಯಲ್ಲಿ ಒಂದು ಸಲಿಕೆ ಇದ್ದಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ. ಆದರೆ ಹೈಸ್ಕೂಲಿನ ಗುಮಾಸ್ತನ ಮನೆಯಲ್ಲಿ ಸಲಿಕೆಗೆ ಏನು ಕೆಲಸ? ಪಂಚಿಂಗ್ ಮಷಿನ್ ಎರಡಿದ್ದವು, ಸ್ಟಾಂಪ್ ಪ್ಯಾಡ್ ಮೂರಿದ್ದವು. ಅವುಗಳಿಂದ ಮಣ್ಣು ಅಗೆಯಲು ಬರುವುದಿಲ್ಲ.

ಮಣ್ಣು ಬೇಕಾಗಿದ್ದು ಹೆಂಡತಿ ಭಾಗ್ಯಶ್ರೀಯ ಗುಲಾಬಿ ಗಿಡಗಳಿಗೆ. ಸೇಡಂನ ಕರಿಮಣ್ಣು ಮಳೆ ಬಿದ್ದರೆ ಅಂಟು, ಬಿಸಿಲು ಬಿದ್ದರೆ ಬಿರುಕು. ಗಿಡಗಳು ವರ್ಷಕ್ಕೆರಡು ಸಲ ಸಾಯುತ್ತಿದ್ದವು. ಐನಾಪುರದಲ್ಲಿ ಅವಳ ಆಯಿ, ಅಂದರೆ ಅಜ್ಜಿ, ನೀಲಮ್ಮನ ಹೊಲದಲ್ಲಿ ಒಳ್ಳೆಯ ಕೆಂಪು ಮಣ್ಣಿತ್ತು. ಚಂದ್ರಂಪಳ್ಳಿ ಡ್ಯಾಮ್ ನೋಡಿ, ಬರುವಾಗ ಮೊದಲೇ ತಿಳಿಸದೆ ದಿಢೀರನೆ ಆಯಿಯ ಮುಂದೆ ಹೋಗಿ ನಿಂತು, ಎರಡು ಚೀಲ ತುಂಬಿಕೊಂಡು ಬರುವುದು ಎಂದು ಠರಾವಾಗಿತ್ತು.

ಖರೆ ಹೇಳಬೇಕೆಂದರೆ ಮಣ್ಣು ಬರೀ ನೆವ. ಮದುವೆಯಾಗಿ ಏಳು ವರ್ಷವಾದರೂ ಸಿದ್ಧಲಿಂಗ ಹೆಂಡತಿಯನ್ನು ಎಲ್ಲಿಗೂ ತಿರುಗಾಡಿಸಿರಲಿಲ್ಲ. ಹೋದ ವಾರ ಅವಳು ಕಡ್ಡಿ ಮುರಿದಂತೆ ಹೇಳಿದ್ದಳು: "ಏಳು ವರ್ಷದಾಗ ನಾ ಊರು ದಾಟಿದ್ದು ಎರಡಕ್ಕೇ. ಯಾರದರ ಮದ್ವಿ, ಇಲ್ಲಾ ಯಾರದರ ಮಣ್ಣು. ಈ ಐತವಾರ ಡ್ಯಾಮ್ ತೋರಸ್ರಿ. ಇಲ್ಲಂದ್ರ ಇನ್ನ ಮ್ಯಾಲ ನಿಮ್ಮ ಜೋಡಿ ಎಲ್ಲಿಗೂ ಬರಂಗಿಲ್ಲ, ನಾ ಒಬ್ಬಾಕೇನೇ ಹೋಗ್ತೀನಿ."

ಸಿದ್ಧಲಿಂಗನಿಗೆ ಗೊತ್ತಿತ್ತು: ಅವಳು ಅಂದದ್ದನ್ನು ಮಾಡುವವಳು. ವಿಜ್ಞಾನದ ಮಾಸ್ತರ್ ಫಿರ್ದೋಸ್ ಅವರ ಕೈಕಾಲು ಹಿಡಿದು, ಸಂಜೆ ಏಳರೊಳಗೆ ತಂದುಬಿಡುತ್ತೇನೆಂದು ಆಣೆ ಮಾಡಿ ಅವರ ಕಾರು ತಂದ. ಶನಿವಾರ ಅದನ್ನು ಮನೆ ಮುಂದೆ ನಿಲ್ಲಿಸಿದ. ಅದೇ ತಪ್ಪಾಯಿತು.

ಆ ಗಲ್ಲಿಯಲ್ಲಿ ಒಂದು ಮಾತಿತ್ತು: "ಹೆಂಗೂ ಹೊಂಟೀರಲ್ಲ." ಯಾರಾದರೂ ಊರಿಗೆ ಹೊರಟರೆ ಸಾಕು, ಆ ದಾರಿಯಲ್ಲಿ ನೆಂಟರಿದ್ದವರೆಲ್ಲ ಗಂಟು ಹಿಡಿದು ಬರುತ್ತಿದ್ದರು. ಐತವಾರ ಬೆಳಿಗ್ಗೆ ಏಳಕ್ಕೆ ಪಕ್ಕದ ಮನೆಯ ಅನಸುಬಾಯಿ ಹತ್ತು ಕಿಲೋ ತೊಗರಿ ಬ್ಯಾಳಿ ಹೊರಿಸಿಕೊಂಡು ಬಂದಳು.

"ತಮ್ಮಾ, ಹೆಂಗೂ ಹೊಂಟೀರಲ್ಲ, ಐನಾಪುರದಾಗ ನಮ್ಮ ಬೀಗತಿಗಿ ಕೊಟ್ಬಿಡು."

ಆಮೇಲೆ ಎದುರು ಮನೆಯ ಅಣವೀರ ಕಾಕಾ ಬಂದರು. ಅವರು ನಿವೃತ್ತರಾದ ಮೇಲೆ ಗಲ್ಲಿಯ ಎಲ್ಲ ಕಾರ್ಯಗಳ ಯಜಮಾನಿಕೆಯನ್ನೂ ಯಾರೂ ಕೊಡದಿದ್ದರೂ ವಹಿಸಿಕೊಂಡಿದ್ದರು. ಚಿಂಚೋಳಿಯಲ್ಲಿರುವ ಮಗನಿಗೆ ಸುತ್ತಿ ಕಟ್ಟಿದ ಒಂದು ಗಾದಿ. ಇನ್ಯಾರದೋ ಮಿಕ್ಸರ್. ಮತ್ಯಾರದೋ ಬಾಣಂತಿ ಮಗಳಿಗೆ ತೊಟ್ಟಿಲು, ಅದೂ ಬಿಚ್ಚದ ತೊಟ್ಟಿಲು. 'ಒಲ್ಲೆ' ಎನ್ನುವ ಎರಡಕ್ಷರ ಸಿದ್ಧಲಿಂಗನ ಬಾಯಿಂದ ಹುಟ್ಟಿದಂದಿನಿಂದ ಹೊರಟಿರಲಿಲ್ಲ. ಅರ್ಧ ತಾಸಿನಲ್ಲಿ ಕಾರಿನೊಳಗೆ ಭಾಗ್ಯಶ್ರೀ ಕೂಡಲು ಜಾಗ ಉಳಿಯಲಿಲ್ಲ.

"ನನ್ನ ತೊಟ್ಟಿಲದಾಗ ಮಲಗಿಸ್ಕೊಂಡು ಒಯ್ತೀರೇನು?" ಎಂದಳು ಅವಳು, ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆಗಳ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತು.

"ಹೆಂಗರ ಮಾಡ್ತೀನಿ ತಡಿ. ಮೊದಲು ಒಂದು ಸಲಿಕಿ ತರ್ತೀನಿ" ಎಂದು ಸಿದ್ಧಲಿಂಗ ಎದುರು ಮನೆಗೆ ಓಡಿದ.

ಅಣವೀರ ಕಾಕಾ ಪೇಪರ್ ಓದುತ್ತಿದ್ದರು.

"ಕಾಕಾ, ಒಂದು ಸಲಿಕಿ ಬೇಕಾಗಿತ್ರಿ."

"ಸಲಿಕಿ ಯಾಕೋ?"

"ಮಣ್ಣಿಗ್ರಿ. ಐನಾಪುರಕ್ಕ, ಇವಳ ಆಯಿ ಮನಿಗಿ."

ಕಾಕಾ ಪೇಪರ್ ಮಡಚಿ ಇಟ್ಟರು. ಕನ್ನಡಕ ತೆಗೆದರು. ಎದ್ದು ಬಂದು ಸಿದ್ಧಲಿಂಗನ ಭುಜದ ಮೇಲೆ ಕೈ ಇಟ್ಟರು.

"ಮೊದಲೇ ಹೇಳಬಾರ್ದೇನೋ ಹುಚ್ಚಾ? ನಾವು ಕುರಿ ಹಂಗ ಗಾದಿ, ಬ್ಯಾಳಿ ಹೇರಿದ್ವಿ. ನೀ ಬಾಯಿ ಬಿಡ್ಲಿಲ್ಲ. ಸಲಿಕಿನೂ ನೀನೇ ಒಯ್ಯಾಕತ್ತೀದಿ! ಇಂಥಾ ಅಳಿಯ ಯಾರಿಗಿ ಸಿಗ್ತಾನ!"

ಸಿದ್ಧಲಿಂಗನಿಗೆ ಏನೂ ತಿಳಿಯಲಿಲ್ಲ. ಅವನು ಹಿತ್ತಲಿನಿಂದ ಸಲಿಕೆ ಹುಡುಕಿ ತರುವಷ್ಟರಲ್ಲಿ ಕಾಕಾ ಮನೆ ಮನೆಗೆ ಸುದ್ದಿ ಮುಟ್ಟಿಸಿದ್ದರು. ಗಲ್ಲಿಯವರೆಲ್ಲ ಸದ್ದಿಲ್ಲದೆ ಬಂದು ತಮ್ಮ ತಮ್ಮ ಗಂಟುಗಳನ್ನು ಕಾರಿನಿಂದ ಇಳಿಸಿಕೊಳ್ಳುತ್ತಿದ್ದರು. ತೊಟ್ಟಿಲು ಹೋಯಿತು. ಗಾದಿ ಹೋಯಿತು. ಅನಸುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀಲಮ್ಮಾಯಿ ಮಣ್ಣಿಗಿ ಹೋಗೂ ಗಾಡ್ಯಾಗ ಬ್ಯಾಳಿ ಇಟ್ಟೆನಲ್ಲೋ ತಮ್ಮಾ, ನನ್ನ ಕೈಗಿ ಬೆಂಕಿ ಬೀಳ್ಲಿ" ಎಂದಾಗ ಸಿದ್ಧಲಿಂಗನ ತಲೆಯೊಳಗೆ ದೀಪ ಹತ್ತಿತು.

ಇವನು ಹೇಳಿದ್ದು ಗಿಡದ ಮಣ್ಣು. ಅವರು ಕೇಳಿಸಿಕೊಂಡದ್ದು ಹೆಣದ ಮಣ್ಣು.

ಅಲ್ಲೇ, ಆಗಲೇ, "ಅಲ್ರಿ, ಆಯಿ ಗಟ್ಟಿ ಅದಾಳ್ರಿ" ಎಂದುಬಿಡಬೇಕಿತ್ತು. ಅನ್ನಲು ಬಾಯಿ ತೆರೆದಿದ್ದ ಕೂಡ. ಆದರೆ ಖಾಲಿಯಾದ ಹಿಂದಿನ ಸೀಟು ಕಣ್ಣಿಗೆ ಬಿತ್ತು. ಎಷ್ಟು ವಿಶಾಲವಾಗಿತ್ತು! ಹತ್ತು ನಿಮಿಷ ಸುಮ್ಮನಿದ್ದರೆ ಊರು ದಾಟಬಹುದು, ಸಂಜೆ ಬಂದು ಏನಾದರೂ ಹೇಳಿದರಾಯಿತು. ಸಿದ್ಧಲಿಂಗ ಬಾಯಿ ಮುಚ್ಚಿ ತಲೆ ತಗ್ಗಿಸಿದ.

ಒಳಗೆ ಭಾಗ್ಯಶ್ರೀಗೆ ಪಿಸುಮಾತಿನಲ್ಲಿ ಹೇಳಿದಾಗ ಅವಳು ಲಟ್ಟಣಿಗೆ ಎತ್ತಿಕೊಂಡಳು.

"ನಮ್ಮ ಆಯಿನ್ನ ಜೀವಂತ ಹುಗದ್ರೇನು?"

"ನಾ ಏನೂ ಅಂದಿಲ್ಲ ಮಾರಾಯ್ತಿ, ತಲಿ ಅಷ್ಟೇ ಬಗ್ಗಿಸೀನಿ."

"ಹತ್ತು ನಿಮಿಷದಾಗ ಗಾಡಿ ಬಿಡ್ರಿ. ಇಲ್ಲಂದ್ರ ನಾನೇ ಹೊರಗ ಹೋಗಿ ಖರೆ ಹೇಳ್ತೀನಿ."

ಹೊರಗೆ ಬಂದರೆ ಅಣವೀರ ಕಾಕಾ ಸಾಮಾನು ಇಳಿಸಿ ಪರೀಕ್ಷೆ ನಡೆಸಿದ್ದರು. ಹೋಳಿಗೆ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, "ಮಣ್ಣಿನ ಮನಿಗಿ ಹೋಳಿಗಿ ಒಯ್ತಾರೇನೋ?" ಎಂದು ಪಕ್ಕಕ್ಕಿಟ್ಟರು. ಭಾಗ್ಯಶ್ರೀಯ ಹೂವಿನ ಚಿತ್ರದ ಕೆಂಪು ಟೋಪಿಯನ್ನೂ ಬದಿಗಿಟ್ಟು ಸಿದ್ಧಲಿಂಗನ ಹೆಗಲಿಗೆ ಬಿಳಿ ಟವೆಲ್ ಹಾಕಿದರು. ಆಮೇಲೆ ಅವರ ಕೈಗೆ ಎರಡು ಬ್ಯಾಡ್ಮಿಂಟನ್ ಬ್ಯಾಟು ಬಂದವು.

"ಇವು ಯಾಕ?"

ಸಿದ್ಧಲಿಂಗ ಖಾಲಿ ಕೈಯನ್ನು ಗಾಳಿಯಲ್ಲಿ ಬೀಸಿ ತೋರಿಸಿದ. "ನೊಣ... ನೊಣ ಹೊಡಿಲಿಕ್ಕ್ರಿ."

"ಪಾಪ" ಎಂದು ಅನಸುಬಾಯಿ ಬಿಕ್ಕಿದಳು, "ಆಯಿ ಮಾರಿ ಮ್ಯಾಲ ನೊಣ ಕೂಡಬಾರ್ದಂತ ಎಷ್ಟು ಕಾಳಜಿ ಮಾಡ್ಯಾನ ನೋಡ್ರಿ!"

ಬ್ಯಾಟುಗಳು ಮರ್ಯಾದೆಯಿಂದ ಒಳಗೆ ಹೋದವು. ಸಿದ್ಧಲಿಂಗ ಡ್ರೈವರ್ ಸೀಟಿನ ಕಡೆ ಸರಿದ. ಕಾಕಾ ಚಾವಿ ಕಸಿದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು.

"ದುಃಖದಾಗ ಗಾಡಿ ಹೊಡಿಬಾರ್ದು. ನಾ ಹೊಡಿತೀನಿ. ಮತ್ತ ನೀವಿಬ್ಬರೇ ಹೋಗೂದು ಅಂದ್ರೇನು? ಗಲ್ಲಿ ಸತ್ತದೇನು? ಎಲ್ಲಾರೂ ಬರ್ತೀವಿ. ಜಳಕಾ ಮಾಡಿ ಬಂದ್ಬಿಡ್ತೀವಿ, ನಿಂದ್ರು."

ಒಂದು ಕಾರಿಗೆ ಹನ್ನೊಂದು ಜನ ತಯಾರಾದರು. ಒಬ್ಬೊಬ್ಬರದೂ ಜಳಕ ಆಗಬೇಕು, ಬಿಳಿ ಅಂಗಿ ಇಸ್ತ್ರಿ ಆಗಬೇಕು, ಪೇಟೆಯಿಂದ ಹೂವಿನ ಹಾರ ಬರಬೇಕು. ಚಾವಿ ಕಿಸೆಯಲ್ಲಿಟ್ಟುಕೊಂಡೇ ಕಾಕಾ ಹಾರ ತರಲು ಹೋದರು. ಈ ನಡುವೆ ಅನಸುಬಾಯಿ ಐನಾಪುರದ ಬೀಗತಿಗೆ ಸುದ್ದಿ ಕೇಳುತ್ತೇನೆಂದು ಫೋನ್ ಹಿಡಿದು ಮಾಳಿಗೆ ಹತ್ತಿದಳು. ಸಿದ್ಧಲಿಂಗ ಮೆಟ್ಟಿಲ ಬುಡಕ್ಕೆ ಓಡಿದ. ಮೇಲಿಂದ ಅವಳ ಕೂಗು ಗಲ್ಲಿಗೆಲ್ಲ ಕೇಳಿತು: "ಹಲೋ! ನಾನ್ರಿ, ಸೇಡಂದಿಂದ! ಸಿದ್ಧಲಿಂಗ... ಹೂಂ, ಮಣ್ಣು... ಭಾಗ್ಯಶ್ರೀ ಗಪ್ಪ ಆಗ್ಯಾಳ... ಹಲೋ!"

ಇಳಿದು ಬಂದು, "ರೇಂಜೇ ಇಲ್ಲ. ನನ್ನ ಮಾತು ಅರ್ಧಾ ಹೋತು, ಅರ್ಧಾ ಇಲ್ಲ. ಆ ಕಡಿಂದ ಬರೀ ಅಳೂದೇ ಕೇಳ್ತು" ಎಂದಳು. ಸಿದ್ಧಲಿಂಗ ನಿಟ್ಟುಸಿರು ಬಿಟ್ಟ. ಆ ಕಡೆಯವರು ಯಾಕೆ ಅಳಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

ಒಂಬತ್ತಾಯಿತು, ಹತ್ತಾಯಿತು. ಭಾಗ್ಯಶ್ರೀ ಕಿಟಕಿಯಿಂದ ಕಣ್ಣಲ್ಲೇ ಸುಡುತ್ತಿದ್ದಳು. ಹತ್ತೂವರೆಗೆ ಕಾಕಾ ಹಾರ ತಂದು, ಇನ್ನೇನು ಎಲ್ಲರನ್ನೂ ಕಾರಿಗೆ ತುರುಕಬೇಕು ಎನ್ನುವಷ್ಟರಲ್ಲಿ ಚಿಂಚೋಳಿ ರಸ್ತೆಯ ಕಡೆಯಿಂದ ಒಂದು ಕ್ರೂಜರ್ ಜೀಪು ಅಳುತ್ತ ಬಂತು. ಜೀಪು ಅಳುವುದಿಲ್ಲ, ಒಳಗಿದ್ದ ಹದಿನಾಲ್ಕು ಮಂದಿ ಅಳುತ್ತಿದ್ದರು. ಜೀಪು ನಿಲ್ಲುವ ಮೊದಲೇ ಎಂಬತ್ತರ ಹತ್ತಿರದ ಒಬ್ಬ ಮುದುಕಿ ಕೆಳಗೆ ಧುಮುಕಿದಳು.

"ಅಯ್ಯೋ ನನ್ನ ಅಳಿಯಾ! ಹಿಂಗ ನಡುದಾರ್ಯಾಗ ಕೈ ಬಿಟ್ಟು ಹೋದೇನೋ, ಸಿದ್ಧಲಿಂಗಾ!"

ಅನಸುಬಾಯಿ ಕಿಟಾರನೆ ಕಿರುಚಿ ಕಾರಿನ ಹಿಂದೆ ಅಡಗಿದಳು. ಅಣವೀರ ಕಾಕಾರ ಕೈಯಿಂದ ಹಾರ ಜಾರಿತು. ಬಂದವಳು ನೀಲಮ್ಮಾಯಿ! ಆಯಿ ಎದೆ ಬಡಿದುಕೊಳ್ಳುತ್ತ ಮುಂದೆ ಬಂದಳು, ಬಿಳಿ ಟವೆಲ್ ಹೊದ್ದು ನಿಂತ ಅಳಿಯನನ್ನು ಕಂಡಳು, ಎತ್ತಿದ ಕೈ ಹಾಗೇ ನಿಂತಿತು.

"ನೀ ಇನ್ನಾ ಅದೀಯೇನೋ?"

"ಅದೀನ್ರಿ ಆಯಿ" ಎಂದ ಸಿದ್ಧಲಿಂಗ, ತಪ್ಪು ಮಾಡಿದವನಂತೆ.

"ಮತ್ತ ಮಣ್ಣು ಯಾರದು?" ಎಂದು ಎರಡೂ ಕಡೆಯವರು ಒಟ್ಟಿಗೇ ಕೇಳಿದರು.

ಸಿದ್ಧಲಿಂಗ ಸಲಿಕೆ ನೋಡಿದ, ಖಾಲಿ ಚೀಲ ನೋಡಿದ. "ಗುಲಾಬಿ ಗಿಡದ್ದ್ರಿ" ಎಂದ.

ಭಾಗ್ಯಶ್ರೀ ಹೊರಗೆ ಬಂದು ಮೊದಲಿಂದ ಕೊನೆವರೆಗೆ ಎಲ್ಲವನ್ನೂ ಹೇಳಿದಳು, ಒಂದು ಮಾತೂ ಬಿಡಲಿಲ್ಲ. ಗಲ್ಲಿಯವರು ಬೈದರು. ಐನಾಪುರದವರು ಬೈದರು. ಆಮೇಲೆ ಯಾರೋ ಒಬ್ಬರು ಫಕ್ಕನೆ ನಕ್ಕರು. ಆಯಿಯೇ ನಕ್ಕಳು. ನಂತರ ಹೋಳಿಗೆ ಡಬ್ಬಿ ಅವಳ ಕಣ್ಣಿಗೆ ಬಿತ್ತು.

"ಇಡೀ ದಿನಕ್ಕಂತ ಜೀಪು ಮಾಡ್ಕೊಂಡು ಬಂದೀವಿ. ಹೆಂಗೂ ಬಂದೀವಲ್ಲ, ನಡೀರಿ, ಎಲ್ಲಾರೂ ಡ್ಯಾಮಿಗಿ ಹೋಗೂಣು. ನನ್ನ ಮೊಮ್ಮಗಳು ಏಳು ವರ್ಷ ಕಾದಾಳ."

ಅನಸುಬಾಯಿಯ ಬ್ಯಾಳಿ ಮತ್ತೆ ಹತ್ತಿತು. ಗಾದಿ ಹತ್ತಿತು. ತೊಟ್ಟಿಲು ಜೀಪಿನ ನೆತ್ತಿ ಹತ್ತಿತು. ಜಳಕ ಮಾಡಿ ತಯಾರಾದವರು ಸುಮ್ಮನೆ ಮನೆಗೆ ಹೋಗುತ್ತಾರೆಯೇ, ಅವರೂ ಹತ್ತಿದರು. ಸಿದ್ಧಲಿಂಗ ಕಾರಿನ ಬಾಗಿಲಿಗೆ ಕೈ ಹಾಕಿದಾಗ ಆಯಿ ಕೋಲು ಅಡ್ಡ ಹಿಡಿದಳು.

"ನೀ ಎಲ್ಲಿಗಿ? ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಾಗ್ತದ, ಆದ್ರ ಅವತ್ತು ಹೊಸಲು ದಾಟಬಾರ್ದು."

"ಆಯಿ, ನಿಮ್ಮ ಸುದ್ದೀನೂ ಬಂದಿತ್ತಲ್ರಿ!"

"ನಾ ನನ್ನ ಹೊಸಲು ದಾಟಿ ಎರಡು ತಾಸಾತು. ಈಗೇನು ಮಾಡಾಕ ಬರ್ತದ? ನೀ ಒಳಗ ಕುಂದ್ರು."

ಸಿದ್ಧಲಿಂಗ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಭಾಗ್ಯಶ್ರೀ ಕೆಂಪು ಟೋಪಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಖುಷಿ ತುಂಬಿ ತುಳುಕುತ್ತಿತ್ತು. ಅದನ್ನು ನೋಡಿ ಅವನ ಹೊಟ್ಟೆ ಒಂದೇ ಸಲಕ್ಕೆ ತಣ್ಣಗೂ ಆಯಿತು, ಉರಿದೂಬಿಟ್ಟಿತು.

"ಒಬ್ಬಾಕೇನೇ ಹೋಗ್ತೀನಿ ಅಂದಿದ್ದಿಲ್ಲೇನು?" ಎಂದಳು ಅವಳು ಕಿಟಕಿಯಿಂದ. "ಒಳಗ ನಿನ್ನಿ ರೊಟ್ಟಿ ಎರಡು ಅವ, ಉಣ್ರಿ. ಏಳರೊಳಗ ಮಣ್ಣು ತರ್ತೀವಿ."

ಎರಡು ಗಾಡಿಗಳೂ ಧೂಳೆಬ್ಬಿಸಿ ಹೋದವು. ಸಿದ್ಧಲಿಂಗ ಟವೆಲ್ ಹೊದ್ದುಕೊಂಡೇ ಕಟ್ಟೆಯ ಮೇಲೆ ಕುಳಿತ. ಕಾಕಾ ಬೀಳಿಸಿದ ಹಾರ ಕಾಲ ಹತ್ತಿರ ಬಿದ್ದಿತ್ತು. ಇಡೀ ಗಲ್ಲಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಅರ್ಧ ತಾಸಿನ ಮೇಲೆ ಒಂದು ಬೈಕು ಬಂದು ನಿಂತಿತು. ಇಳಿದವರು ನೌಕರರ ಸಂಘದ ಸಂಗಮೇಶ್ವರ, ಚಿತ್ತಾಪುರದವರು. ಸಿದ್ಧಲಿಂಗನನ್ನು ಅವರು ಎಂದೂ ಕಂಡವರಲ್ಲ. ಐನಾಪುರದ ಸುದ್ದಿ ವಾಟ್ಸಾಪಿನಲ್ಲಿ ಅವರಿಗೆ ಮುಟ್ಟಿತ್ತು. ಹ್ಯಾಂಡಲ್ಲಿಗೆ ದೊಡ್ಡ ಹಾರ ನೇತುಹಾಕಿಕೊಂಡಿದ್ದರು.

"ಸಿದ್ಧಲಿಂಗ ಗುಮಾಸ್ತರ ಮನಿ ಇದೇ ಏನ್ರಿ?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ."

"ಭಾಳ ಒಳ್ಳೆ ಮನುಷ್ಯ ಇದ್ರಂತ್ರಿ. ಮಣ್ಣು ಎಷ್ಟೊತ್ತಿಗ್ರಿ?"

ಬೆಳಿಗ್ಗೆಯಿಂದ ಖರೆ ಹೇಳಲು ತಡ ಮಾಡಿದ ಸಿದ್ಧಲಿಂಗ ಈ ಸಲ ಒಂದು ಕ್ಷಣವೂ ತಡ ಮಾಡಲಿಲ್ಲ.

"ಏಳರೊಳಗ ಬರ್ತದ್ರಿ" ಎಂದ. "ಎರಡು ಚೀಲ."

ಎರಡು ಚೀಲ ಎಂಬುದು ಸಂಗಮೇಶ್ವರರಿಗೆ ತಿಳಿಯಲಿಲ್ಲ. ಆದರೆ ದುಃಖದಲ್ಲಿದ್ದವರನ್ನು ಹೆಚ್ಚು ಕೆದಕಬಾರದೆಂದು ಹಾರವನ್ನು ಅವನ ಕೈಗೆ ಕೊಟ್ಟು, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತರು.

"ಹೆಂಗೂ ಬಂದೀನಲ್ರಿ" ಎಂದರು, "ಮುಗಿಸ್ಕೊಂಡೇ ಹೋಗ್ತೀನಿ. ಉಣ್ಣಾಕ ಏನರ ಅದ ಏನ್ರಿ?"