ಕಾಫಿ ಹೂವಿನ ಒಂದು ಅಂಕ

ಪರೀಕ್ಷೆ ಎಂದರೆ ಮಕ್ಕಳಿಗೆ ಹೆದರಿಕೆ ಎಂದು ಎಲ್ಲರೂ ಹೇಳುತ್ತಾರೆ. ಪ್ರಶ್ನೆಪತ್ರಿಕೆ ತಯಾರಿಸಿದವರಿಗೂ ಹೆದರಿಕೆ ಇರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳಬೇಕಾದವರು ನಾವು, ಮೇಷ್ಟ್ರುಗಳು. ನಮಗೆ ಅಷ್ಟು ಧೈರ್ಯವಿಲ್ಲ. ಹದಿನಾರು ವರ್ಷದಿಂದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿರುವ ನಾನು ಈಗ ಒಪ್ಪಿಕೊಳ್ಳುತ್ತೇನೆ. ಪರೀಕ್ಷೆ ನಡೆಯುವ ಹೊತ್ತಿನಲ್ಲಿ ನಾನು ಆರಾಮವಾಗಿಯೇ ಇರುತ್ತೇನೆ. ಕೈಕಟ್ಟಿಕೊಂಡು ಬೆಂಚುಗಳ ನಡುವೆ ಓಡಾಡುತ್ತೇನೆ, ಯಾರಾದರೂ ತಲೆ ಎತ್ತಿದರೆ ಕೆಮ್ಮುತ್ತೇನೆ. ನನ್ನ ಕಷ್ಟ ಶುರುವಾಗುವುದು ಕೊನೆಯ ಗಂಟೆ ಹೊಡೆದ ಮೇಲೆ, ಮಕ್ಕಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಒಬ್ಬರನ್ನೊಬ್ಬರು "ನೀನೇನ್ ಬರ್ದೆ?" ಎಂದು ಕೇಳಲು ಶುರು ಮಾಡಿದಾಗ.

ಬೇರೆ ಊರಿನ ಮೇಷ್ಟ್ರುಗಳಿಗೆ ಇದು ಕೇಳಿಸುವುದಿಲ್ಲ. ಅವರು ಸ್ಕೂಟರ್ ಹತ್ತಿ ಹೋಗಿಬಿಡುತ್ತಾರೆ. ನಾನು ಸ್ಕೂಟರ್ ಕಲಿಯಲು ಒಮ್ಮೆ ಪ್ರಯತ್ನಿಸಿದ್ದೆ. ಆ ಪ್ರಯತ್ನದ ವಿವರ ಇಲ್ಲಿ ಬೇಡ, ಆ ಬೇಲಿಯ ಮಾಲೀಕರು ಈಗಲೂ ನನ್ನ ಜೊತೆ ಚೆನ್ನಾಗಿಯೇ ಇದ್ದಾರೆ. ಹಾಗಾಗಿ ಶಾಲೆಯಿರುವ ಕೆ. ಹೊಸಕೋಟೆಯಿಂದ ಆಲೂರಿನ ಮನೆಗೆ ನಾನು ಸರ್ಕಾರಿ ಬಸ್ಸಿನಲ್ಲಿಯೇ ಬರಬೇಕು. ಆ ಹೊತ್ತಿಗೆ ಇರುವುದು ಒಂದೇ ಬಸ್ಸು. ನನ್ನ ಹತ್ತನೇ ತರಗತಿಯ ಅರ್ಧ ಮಕ್ಕಳು ಅದರಲ್ಲೇ ಬರುತ್ತಾರೆ. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರೂ ಕಿವಿ ಮಾತ್ರ ಹಿಂದಿನ ಸೀಟಿನಲ್ಲಿ ಕೂತಿರುತ್ತದೆ.

ಈ ಸಲದ ಪರೀಕ್ಷೆಗೆ ಸ್ವಲ್ಪ ಹೆಚ್ಚಿನ ಬೆಲೆಯಿತ್ತು. ಇದರಲ್ಲಿ ಮೊದಲು ಬಂದವರನ್ನು ಹಾಸನದ ವಿಜ್ಞಾನ ರಸಪ್ರಶ್ನೆ ಸ್ಪರ್ಧೆಗೆ ಕಳಿಸುವುದೆಂದು ನಮ್ಮ ಹೆಡ್ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲೇ ಸಾರಿದ್ದರು. ಶಾಲೆಗೆ ಒಬ್ಬರೇ. ಆ ಒಬ್ಬರು ಯಾರು ಎಂಬ ಸ್ಪರ್ಧೆ ನಿಜವಾಗಿ ಇದ್ದದ್ದು ಇಬ್ಬರ ನಡುವೆ, ರಕ್ಷಿತಾ ಮತ್ತು ತಸ್ನೀಮ್. ಆರನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು. ಒಂದೇ ಡಬ್ಬಿಯಿಂದ ತಿನ್ನುವವರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ರಜೆ ಹಾಕುವವರು. ರಕ್ಷಿತಾಳ ಮನೆಯವರಿಗೆ ಮೇಲಿನ ಗುಡ್ಡದ ಕಡೆ ಅರೇಬಿಕಾ ಕಾಫಿ ತೋಟವಿದೆ. ತಸ್ನೀಮಳ ತಂದೆ ಪಿಕಪ್ ಗಾಡಿ ಓಡಿಸುತ್ತಾರೆ, ಅವಳ ಸೋದರಮಾವನಿಗೆ ಕುಂದೂರಿನ ಕಡೆ ಒಂದೂವರೆ ಎಕರೆ ರೋಬಸ್ಟಾ ಜಾತಿಯ ಕಾಫಿ ಇದೆ. ಈ ವಿವರಗಳೆಲ್ಲ ನನಗೆ ಚೆನ್ನಾಗಿ ಗೊತ್ತಿದ್ದವು. ಅವುಗಳಿಂದ ಏನು ತಿಳಿದುಕೊಳ್ಳಬೇಕಿತ್ತೋ ಅದು ಮಾತ್ರ ಗೊತ್ತಿರಲಿಲ್ಲ.

ತರಬೇತಿಯೊಂದರಲ್ಲಿ ನಮಗೆ ಹೇಳಿದ್ದರು, ಪ್ರಶ್ನೆಗಳು ಮಗುವಿನ ಪರಿಸರದಿಂದಲೇ ಹುಟ್ಟಬೇಕು ಎಂದು. ಅದು ಮಧ್ಯಾಹ್ನದ ಊಟವಾದ ಮೇಲೆ ಹೇಳಿದ ಮಾತು. ನನಗೆ ಅಷ್ಟು ಮಾತ್ರ ಕೇಳಿಸಿತು. ಉತ್ತರವನ್ನೂ ಅದೇ ಪರಿಸರದಲ್ಲಿ ವಿಚಾರಿಸಿಕೊಳ್ಳಿ ಎಂದು ಮುಂದೆ ಹೇಳಿದ್ದರೋ ಏನೋ, ಆಗ ನಾನು ತೂಕಡಿಸುತ್ತಿದ್ದೆ. ಎಲ್ಲ ಪುಸ್ತಕಗಳಲ್ಲೂ ದಾಸವಾಳವೇ ಇರುತ್ತದೆ, ನಾವಾದರೂ ನಮ್ಮ ಸೀಮೆಯ ಹೂವನ್ನು ಕೇಳೋಣ ಎಂದು ಉಮೇದು ಬಂತು. "ಕಾಫಿ ಗಿಡದಲ್ಲಿ ನಡೆಯುವ ಪರಾಗಸ್ಪರ್ಶ ಸ್ವಕೀಯವೋ ಪರಕೀಯವೋ?" ಎಂದು ಒಂದು ಅಂಕದ ಪ್ರಶ್ನೆ ಬರೆದೆ. ಅಂದರೆ ಹೂವಿನ ಪುಡಿ ಅದೇ ಗಿಡದ ಹೂವಿಗೆ ಬಿದ್ದು ಕಾಯಿ ಕಟ್ಟುತ್ತದೋ, ಬೇರೆ ಗಿಡದಿಂದ ಬರಬೇಕೋ ಎಂದು. ಉತ್ತರ ಸೂಚಿಯಲ್ಲಿ "ಪರಕೀಯ" ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಕಾಫಿ ಹೂ ಬಿಟ್ಟಾಗ ಜೇನುಹುಳುಗಳು ಗುಂಯ್ ಎಂದು ಮುತ್ತುವುದನ್ನು ಬಸ್ಸಿನ ಕಿಟಕಿಯಿಂದ ನಾನೇ ಕಂಡಿದ್ದೆ. ನಾನು ಹುಟ್ಟಿ ಬೆಳೆದದ್ದು ಹಾಸನದ ಪಕ್ಕದ ಆಲೂಗಡ್ಡೆ ಬೆಳೆಯುವ ಊರಿನಲ್ಲಿ. ಕಾಫಿಯ ಬಗ್ಗೆ ನನ್ನ ಒಟ್ಟು ಸಂಶೋಧನೆ ಅಷ್ಟೇ.

ಶನಿವಾರ ಪರೀಕ್ಷೆ ಮುಗಿಯಿತು. ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ತಾಳೆ ನೋಡುವ ಕೆಲಸ ಆರಂಭವಾಯಿತು. ಮೊದಲು ಮನೋಜನ ಸರದಿ. ಮನೋಜ ಒಳ್ಳೆಯ ಹುಡುಗ, ಜೀವಶಾಸ್ತ್ರದ ಜೊತೆ ಮಾತ್ರ ಅವನಿಗೆ ಪರಿಚಯವಿಲ್ಲ.

"ಕಿಡ್ನಿ ಚಿತ್ರ ಬರ್ದೆ ಕಣ್ರೋ, ಚೆನ್ನಾಗೇ ಬಂದಿತ್ತು. ಆಮೇಲ್ ನೋಡಿದ್ರೆ ಥೇಟ್ ಅವರೆಕಾಯಿ ಥರ ಕಾಣ್ತಿತ್ತು. ಅದ್ಕೇ ಪಕ್ದಾಗೆ 'ಇದು ಕಿಡ್ನಿ' ಅಂತ ಬರೆದ್ಬುಟ್ಟೆ."

"ಇನ್ಸುಲಿನ್ ಕಮ್ಮಿ ಆದ್ರೆ ಏನಾಗುತ್ತೆ ಅನ್ನೋದಕ್ಕೆ?"

"ಲಾಡು ಕೊಡಲ್ಲ ಅಂತ ಬರ್ದೆ. ನಮ್ಮಜ್ಜಿಗೆ ಹಂಗೇ ಆಗಿರಾದು."

ನಾನು ಕಿಟಕಿಯಾಚೆಯೇ ನೋಡುತ್ತಿದ್ದೆ. ಆ ಉತ್ತರಕ್ಕೆ ಅರ್ಧ ಅಂಕ ಕೊಡಬಹುದೇ ಎಂದು ಯೋಚಿಸುತ್ತಿರುವಾಗ ಕಾಫಿಯ ಪ್ರಶ್ನೆ ಬಂತು.

"ಸ್ವಕೀಯ," ಎಂದಳು ರಕ್ಷಿತಾ.

"ಅಲ್ಲ ಕಣೇ, ಪರಕೀಯ," ಎಂದಳು ತಸ್ನೀಮ್.

"ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ, ನಮ್ ಗಿಡಕ್ಕೆ ಜೇನು ಬಂದ್ರೂ ಒಂದೇ, ಬರ್ದಿದ್ರೂ ಒಂದೇ, ಅದ್ರ ಪಾಡಿಗೆ ಅದು ಕಾಯಿ ಕಚ್ತೈತೆ ಅಂತ."

"ನಮ್ ಮಾಮ ಹೂ ಅರಳಿದ ದಿನ ಮಳೆ ಬಂದ್ರೆ ಊಟಾನೇ ಮಾಡಲ್ಲ. ಪುಡಿ ಎಲ್ಲ ತೊಳ್ದು ಹೋಯ್ತು, ಪಕ್ಕದ್ ಗಿಡಕ್ಕೆ ಹೆಂಗ್ ಹೋಗ್ತದೆ ಅಂತ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾರೆ. ಅವ್ರೇನು ಸುಮ್ನೆ ಉಪವಾಸ ಬೀಳ್ತಾರಾ?"

"ಹಂಗಾದ್ರೆ ನಮ್ಮಪ್ಪ ಸುಳ್ಳು ಹೇಳ್ತಾರಾ?"

ಇಬ್ಬರ ದನಿಯೂ ಏರಿತು. ಆ ಒಂದು ಅಂಕದಲ್ಲಿ ಹಾಸನದ ದಾರಿ ಇದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಒಬ್ಬಳ ಅಪ್ಪನ ಮರ್ಯಾದೆ ಮತ್ತು ಇನ್ನೊಬ್ಬಳ ಮಾವನ ಹಸಿವು ನಡುವೆ ಬಂದುಬಿಟ್ಟಿದ್ದವು. ಕಾಫಿ ಸೀಮೆಯ ಬಸ್ಸಿನಲ್ಲಿ ಕಾಫಿಯ ಮಾತು ಎತ್ತಿದರೆ ಸುಮ್ಮನಿರುವ ಪ್ರಯಾಣಿಕ ಯಾರು? ಐದು ನಿಮಿಷದಲ್ಲಿ ಬಸ್ಸು ಎರಡು ಪಂಗಡವಾಯಿತು. ಎಡಗಡೆ ಸೀಟಿನವರು ಸ್ವಕೀಯ, ಬಲಗಡೆಯವರು ಹೆಚ್ಚುಕಡಿಮೆ ಪರಕೀಯ. ಕಂಡಕ್ಟರು ಟಿಕೆಟ್ ಮಿಷನ್ ಎತ್ತಿ ಹಿಡಿದು, "ಜೇನಿಲ್ದೆ ಕಾಫಿ ಆಯ್ತದಾ? ಏನ್ ಮಾತು ಅಂತ ಆಡ್ತೀರ ಮಾರಾಯ್ರೆ!" ಎಂದರು. ಕಂಡಕ್ಟರು ನನ್ನ ಕಡೆಗಿದ್ದಾರೆಂದು ಸ್ವಲ್ಪ ಧೈರ್ಯ ಬಂತು. ಅಷ್ಟರಲ್ಲಿ ತಸ್ನೀಮ್ ಎದ್ದು ನಿಂತು ಕೂಗಿದಳು, "ಮಿಸ್, ನೀವೇ ಹೇಳಿ. ಯಾವ್ದು ಸರಿ?"

ಇಡೀ ಬಸ್ಸು ನನ್ನ ಬೆನ್ನನ್ನು ನೋಡಿತು. "ಪೇಪರ್ ತಿದ್ದಿದ ಮೇಲೆ ನೋಡೋಣ ಕೂತ್ಕೋ," ಎಂದೆ. ಈ ಮಾತನ್ನು ನಾವು ಮೇಷ್ಟ್ರುಗಳು ಗಂಭೀರವಾಗಿ ಹೇಳುತ್ತೇವೆ. ಅದರ ಅರ್ಥ, ಉತ್ತರ ನಮಗೂ ಗೊತ್ತಿಲ್ಲ ಎಂದು. ಎಡಗಡೆಯವರು ಅಷ್ಟು ಖಚಿತವಾಗಿ ಮಾತಾಡುತ್ತಿದ್ದುದನ್ನು ಕೇಳಿ, ಗೆರೆ ಎಳೆದಿಟ್ಟ ನನ್ನ "ಪರಕೀಯ"ದ ಮೇಲೆ ನನಗೇ ಅನುಮಾನ ಬಂತು. ಮುಂದೊಂದು ಕ್ರಾಸಿನಲ್ಲಿ ಬಸ್ಸು ನಿಂತಿತು. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಇಳಿದುಬಿಟ್ಟೆ.

ನನ್ನ ಜೊತೆ ಒಬ್ಬ ಹಿರಿಯರೂ ಇಳಿದರು. ಈರೇಗೌಡರು. ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಆಗಿ ಇಡೀ ಆಯುಷ್ಯ ಕಳೆದವರು. ಬಸ್ಸಿನಲ್ಲಿ ಒಂದು ಮಾತೂ ಆಡದವರು ಈಗ ಛತ್ರಿ ಊರಿಕೊಂಡು ನಿಂತು ನಕ್ಕರು.

"ಅಲ್ಲ ಮೇಡಂ, ಯಾವ್ ಕಾಫಿ ಅಂತ ಹೇಳ್ದೆ ಹೆಂಗೆ ಉತ್ರ ಹೇಳಾದು? ಅರೇಬಿಕಾ ಆದ್ರೆ ತನ್ನ ಹೂವಿನ ಪುಡೀಲೇ ಕಾಯಿ ಕಟ್ಕೊಂತೈತೆ. ರೋಬಸ್ಟಾ ಹಂಗಲ್ಲ ಕಣ್ರೀ. ಅದಕ್ಕೆ ಇನ್ನೊಂದ್ ಗಿಡದ್ದೇ ಬೇಕು, ಗಾಳಿ ಬೇಕು, ಜೇನು ಬೇಕು. ಇಬ್ರೂ ಹುಡುಗೀರು ಸರಿಯಾಗೇ ಹೇಳ್ತಾವ್ರೆ."

ನಾನು ಬ್ಯಾಗನ್ನು ಹೆಗಲಿಗೇರಿಸಿಕೊಂಡೆ. ಅವರೇ ಮುಂದುವರಿಸಿದರು.

"ಆ ಪ್ರಶ್ನೆ ಬರ್ದೋನು ಕಾಫಿನ ಲೋಟದಲ್ಲಿ ಬಿಟ್ರೆ ಬ್ಯಾರೆಲ್ಲೂ ಕಂಡೋನಲ್ಲ ಬಿಡಿ. ಎಲ್ಲಿಂದ ಬರ್ತಾವೆ ಈ ಪ್ರಶ್ನೆಗಳು?"

"ಹಾಸನದ ಕಡೆಯಿಂದ," ಎಂದೆ. ಇದು ಸುಳ್ಳಲ್ಲ. ನಾನು ಹಾಸನದ ಕಡೆಯವಳೇ.

"ಅದ್ಕೇ ಮತ್ತೆ," ಎಂದು ಅವರು ತೃಪ್ತಿಯಿಂದ ಹೊರಟುಹೋದರು. ನಾನು ಮುಂದಿನ ಬಸ್ಸಿಗಾಗಿ ಒಂದು ಗಂಟೆ ಆ ಕ್ರಾಸಿನಲ್ಲಿ ನಿಂತೆ. ಪಕ್ಕದ ತೋಟದಲ್ಲಿ ಕಾಫಿ ಗಿಡಗಳಿದ್ದವು. ಅವು ಅರೇಬಿಕಾವೋ ರೋಬಸ್ಟಾವೋ ಎಂದು ಗುರುತಿಸಲು ಆಗಲೂ ನನ್ನಿಂದ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಪೇಪರ್ ತಿದ್ದಲು ಕೂತೆ. ಉತ್ತರ ಸೂಚಿಯ ಪ್ರಕಾರ ತಿದ್ದಿದರೆ ತಸ್ನೀಮಳಿಗೆ ನಲವತ್ತಕ್ಕೆ ಮೂವತ್ತೆಂಟು, ರಕ್ಷಿತಾಳಿಗೆ ಮೂವತ್ತೇಳು. ಎಲ್ಲ ಚೊಕ್ಕವಾಗಿತ್ತು. ಹೆಡ್ಮಾಸ್ಟರಿಗೆ ಬೇಕಾದ ಒಂದು ಹೆಸರು ಸಿಕ್ಕಿತ್ತು. ತಸ್ನೀಮ್ ತನ್ನ ಉತ್ತರ ಸರಿಯಾಗಿಯೇ ಬರೆದಿದ್ದಳು, ಅವಳಿಗೇನೂ ಪುಕ್ಕಟೆ ಕೊಟ್ಟ ಹಾಗಾಗುತ್ತಿರಲಿಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಈರೇಗೌಡರೊಬ್ಬರನ್ನು ಬಿಟ್ಟು. ಅವರು ತಪ್ಪನ್ನು ಆಗಲೇ ಹಾಸನದ ಮೇಲೆ ಹಾಕಿಯಾಗಿತ್ತು. ಬಾಯಿಬಿಟ್ಟರೆ ನನ್ನ ಹದಿನಾರು ವರ್ಷದ ಮರ್ಯಾದೆಯ ಜೊತೆ ಗೆದ್ದ ಹುಡುಗಿಯ ಗೆಲುವನ್ನೂ ಕಿತ್ತುಕೊಂಡ ಹಾಗೆ. ಹೀಗೆ ನನ್ನ ಹೇಡಿತನಕ್ಕೆ ತಸ್ನೀಮಳ ಹಿತವನ್ನು ಹೊದಿಸಿ ನೋಡಿದೆ. ಚೆನ್ನಾಗಿಯೇ ಒಪ್ಪುತ್ತಿತ್ತು. ಆದರೆ ರಕ್ಷಿತಾಳ ಪೇಪರಿನಲ್ಲಿ "ಸ್ವಕೀಯ" ಎಂಬುದರ ಮೇಲೆ ಕೆಂಪು ಗೆರೆ ಎಳೆಯಲು ಹೋದಾಗಲೆಲ್ಲ ಅವಳ ಅಪ್ಪನ ಮಾತನ್ನೇ ಹೊಡೆದುಹಾಕಿದ ಹಾಗೆ ಅನ್ನಿಸಿತು. ಪೆನ್ನು ಮುಚ್ಚಿಟ್ಟು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡೆ. ಕುಡಿಯಲು ಮನಸ್ಸಾಗಲಿಲ್ಲ.

ಸೋಮವಾರ ತರಗತಿಗೆ ಹೋದಾಗ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಇಷ್ಟು ಜಗಳವಾದ ಮೇಲೂ ಹೇಗೆ ಎಂದು ಆಶ್ಚರ್ಯವಾಯಿತು. ಗಂಟಲು ಸರಿಮಾಡಿಕೊಂಡು ಹೇಳಿದೆ, "ಹದಿನಾಲ್ಕನೇ ಪ್ರಶ್ನೆ ತಪ್ಪಾಗಿತ್ತು. ತಪ್ಪು ನನ್ನದು. ಅರೇಬಿಕಾಗೆ ಒಂದು ಉತ್ತರ, ರೋಬಸ್ಟಾಗೆ ಇನ್ನೊಂದು. ನನಗೆ ಗೊತ್ತಿರಲಿಲ್ಲ."

ತಪ್ಪೊಪ್ಪಿಕೊಂಡರೆ ಮಕ್ಕಳ ಗೌರವ ಹೆಚ್ಚುತ್ತದೆ ಎಂದು ಅದೇ ತರಬೇತಿಯಲ್ಲಿ ಹೇಳಿದ್ದರು. ನಾನು ಗೌರವ ಹೆಚ್ಚುವುದನ್ನು ಕಾಯುತ್ತ ನಿಂತೆ.

"ನಮ್ಗೆ ಅವತ್ತು ಸಾಯಂಕಾಲವೇ ಗೊತ್ತಾಯ್ತು ಮಿಸ್," ಎಂದಳು ತಸ್ನೀಮ್. "ಮಾಮನ್ನ ಕೇಳ್ದೆ. ಎರಡೂ ಸರಿ ಅಂದ್ರು. ಇವ್ಳಿಗೆ ಫೋನ್ ಮಾಡಿ ಹೇಳ್ದೆ. ಆಮೇಲೆ ಎಲ್ರಿಗೂ ಹೇಳಿದ್ವಿ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊನೆಗೆ ರಕ್ಷಿತಾ ಮೆಲ್ಲಗೆ, "ನೀವಾಗೇ ಹೇಳ್ತೀರೋ ಇಲ್ವೋ ಅಂತ ನೋಡ್ತಿದ್ವಿ ಮಿಸ್," ಎಂದಳು. ಹಿಂದಿನ ಬೆಂಚಿನಿಂದ ಮನೋಜ ಪ್ರಾಮಾಣಿಕವಾಗಿ ಸೇರಿಸಿದ, "ಅರ್ಧ ಜನ ಮಿಸ್ ಹೇಳ್ತಾರೆ ಅಂದ್ರು, ಅರ್ಧ ಜನ ಹೇಳಲ್ಲ ಅಂದ್ರು. ನಂದು ಹೇಳಲ್ಲ ಅಂತ ಇತ್ತು ಮಿಸ್. ಇದೂ ತಪ್ಪೋಯ್ತು."

ಎರಡು ದಿನ ಪರೀಕ್ಷೆ ಬರೆದದ್ದು ನಾನು, ತಾಳೆ ನೋಡಿಕೊಂಡದ್ದು ಅವರು. ನನಗೆ ಅದರ ಸುಳಿವೇ ಇರಲಿಲ್ಲ. ಭಾನುವಾರದ ಬೆಳಗ್ಗೆ ನಾನು ಎಷ್ಟು ಹೊತ್ತು ತಪ್ಪು ಉತ್ತರವನ್ನೇ ಬರೆದುಕೊಂಡು ಕೂತಿದ್ದೆ ಎಂಬುದನ್ನು ಅವರಿಗೆ ಹೇಳಲಿಲ್ಲ. ಕೊನೆಯಲ್ಲಿ ತಿದ್ದಿಕೊಂಡರೂ ಪೂರ್ತಿ ಅಂಕ ಕೊಡುತ್ತಾರಲ್ಲ.

ಪ್ರಶ್ನೆ ತಪ್ಪಾಗಿದ್ದರೆ ಎಲ್ಲರಿಗೂ ಅಂಕ ಕೊಡಬೇಕು ಎಂಬ ನ್ಯಾಯ ತರಗತಿಗೆ ಗೊತ್ತಿತ್ತು. ಕೊಟ್ಟೆ. ಜಾಗ ಖಾಲಿ ಬಿಟ್ಟಿದ್ದ ಮನೋಜನಿಗೂ ಸಿಕ್ಕಿ ಅವನು ಗಡಿ ಅಂಕಕ್ಕೆ ಸರಿಯಾಗಿ ಪಾಸಾದ. ಹುಡುಗಿಯರಿಬ್ಬರೂ ಮೂವತ್ತೆಂಟಕ್ಕೆ ನಿಂತರು. "ಇನ್ನೊಂದು ಪ್ರಶ್ನೆ ಕೇಳಿ ಇತ್ಯರ್ಥ ಮಾಡಿ," ಎಂದರು ಹೆಡ್ಮಾಸ್ಟರು. ನಾನು ಪ್ರಶ್ನೆ ಕೇಳುವ ಸ್ಥಿತಿಯಲ್ಲಿಲ್ಲ ಎಂದೆ. ಅವರೇ ಚೀಟಿ ಎತ್ತಿದರು. ರಕ್ಷಿತಾಳ ಹೆಸರು ಬಂತು. ತಸ್ನೀಮ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು, ಆಮೇಲೆ ನೀರು ಕುಡಿದು ಬರುತ್ತೇನೆಂದು ಹೋದವಳು ಒಂದು ಪೀರಿಯಡ್ ಬರಲಿಲ್ಲ. ನಾನು ಹಾಜರಿಯಲ್ಲಿ ಅದನ್ನು ಕಾಣಿಸಲಿಲ್ಲ. ರಕ್ಷಿತಾ ಹಾಸನದಲ್ಲಿ ಎರಡನೇ ಸುತ್ತಿಗೆ ಸೋತು ಬಂದಳು. ಬಸ್ಸಿನಲ್ಲಿ ತಸ್ನೀಮ್ ಅವಳಿಂದ ಒಂದೊಂದೇ ಪ್ರಶ್ನೆ ಹೇಳಿಸಿ, ಅವಳು ತಪ್ಪಿದ ಎರಡು ಪ್ರಶ್ನೆಗಳಿಗೂ ಪಟಪಟನೆ ಉತ್ತರ ಹೇಳಿಬಿಟ್ಟಳು. ಅವತ್ತಿನಿಂದ ಎರಡು ದಿನ ಅವರು ನಿಜವಾಗಿಯೂ ಮಾತು ಬಿಟ್ಟಿದ್ದರು. ಮೂರನೇ ದಿನ ಮತ್ತೆ ಒಂದೇ ಡಬ್ಬಿ.

ಮುಂದಿನ ಪರೀಕ್ಷೆಗೆ ನಾನು ಯಾವ ಪರಿಸರದ ಗೊಡವೆಗೂ ಹೋಗಲಿಲ್ಲ. "ಮನುಷ್ಯನ ಹೃದಯದಲ್ಲಿ ಎಷ್ಟು ಕೋಣೆಗಳಿವೆ?" ಎಂದು ಕೇಳಿದೆ. ಪಠ್ಯಪುಸ್ತಕದಲ್ಲಿ ಮೂರು ಸಲ ನೋಡಿಕೊಂಡೆ. ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ "ನಾಲ್ಕು", "ನಾಲ್ಕು" ಎಂದು ಕೇಳಿಬಂತು. ಒಬ್ಬರೂ ಜಗಳವಾಡಲಿಲ್ಲ. ಆಗ ತಸ್ನೀಮ್, "ಮನುಷ್ಯಂದು ಅಂತ ತಾನೇ ಇದ್ದಿದ್ದು? ದೊಡ್ಡೋರ್ದೋ, ಹೊಟ್ಟೇಲಿ ಆಗಷ್ಟೇ ಮೂಡ್ತಿರೋ ಮಗೂದೋ? ಅದ್ರದ್ದು ಮೊದ್ಲು ಬರೀ ಒಂದು ಕೊಳವೆ ಅಂತೆ ಕಣೇ." ಎಂದಳು. ನನ್ನ ಹೃದಯ ಡವಡವ ಹೊಡೆದುಕೊಳ್ಳತೊಡಗಿತು, ನಾಲ್ಕೂ ಕೋಣೆಗಳಲ್ಲಿ. ಮುಂದಿನ ಕ್ರಾಸು ಯಾವಾಗ ಬರುತ್ತದೆ ಎಂದು ಕಂಡಕ್ಟರನ್ನು ಕೇಳಿದೆ.