ಐದು ಕುತ್ತಿಗೆ, ಒಂದು ಎಡಗೈ

ಬಾಗಿಲು ಮಾಡಿಸಲು ಬಂದವರು ಅಳತೆ ಕೊಟ್ಟು ಹೋಗುತ್ತಾರೆ. ಗಿಟಾರು ಮಾಡಿಸಲು ಬಂದವರು ಹೋಗುವುದೇ ಇಲ್ಲ. ಹೊನ್ನಾವರದಲ್ಲಿ ನನ್ನದೊಂದು ಬಡಗಿ ಅಂಗಡಿ. ಮದುವೆ ಆರ್ಕೆಸ್ಟ್ರಾದವರ ಮುರಿದ ಗಿಟಾರೊಂದನ್ನು ಅಂಟಿಸಿಕೊಟ್ಟ ದಿನದಿಂದ ನನ್ನ ಕಿಟಕಿ, ಕಪಾಟುಗಳ ನಡುವೆ ಒಂದಲ್ಲ ಒಂದು ಇಂಥದ್ದು ನಡೆಯುತ್ತಲೇ ಇದೆ.

ದೊಡ್ಡ ಆಳಿಗೆ ದೊಡ್ಡದು

ಕುಮಟೆಯ ಒಬ್ಬ ಬಂದ. ಬಾಗಿಲಿಗೆ ಅಡ್ಡ ನಿಂತರೆ ಅಂಗಡಿಯೊಳಗೆ ಬೆಳಕಿಲ್ಲ, ಅಷ್ಟು ದೊಡ್ಡ ಆಳು. ಹಗಲು ಸೀಯಾಳ ಮಾರುತ್ತಾನೆ, ಸಂಜೆ ಆರ್ಕೆಸ್ಟ್ರಾದಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತಾನೆ.

"ಆಚಾರ್ರೇ, ಈಗೀಗ ಮೂರು ಹಾಡು ಆತು ಅಂದ್ರೆ ಎಡಗೈ ಹಿಡ್ಕಂಡು ಬಿಡ್ತದೆ. ನಾಲ್ಕನೇದಕ್ಕೆ ಬೆರಳು ಏಳೂದಿಲ್ಲ" ಅಂದ. ಆರ್ಕೆಸ್ಟ್ರಾದ ಯಜಮಾನರು ಕೊನೆಯ ಮಾತು ಹೇಳಿಬಿಟ್ಟಿದ್ದರು. ಮುಂದಿನ ತಿಂಗಳ ಆರತಕ್ಷತೆಯಲ್ಲಿ ಪೂರ್ತಿ ನುಡಿಸಿದರೆ ಸರಿ, ಇಲ್ಲವಾದರೆ ಅವನ ಜಾಗಕ್ಕೆ ಬೇರೆಯವ. ಹದಿನೈದು ವರ್ಷದಿಂದ ನಿಂತ ಜಾಗ ಅದು.

ಗಿಟಾರಿನ ಕುತ್ತಿಗೆ ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ. ಅದರ ಬೆನ್ನಿನ ಆಕಾರ ಕೈಗೆ ಒಗ್ಗದಿದ್ದರೆ ನೋವು ತಪ್ಪಿದ್ದಲ್ಲ. "ದೊಡ್ಡ ಕೈಗೆ ದಪ್ಪಂದೇ ಬೇಕು. ನಮ್ಮ ಅಪ್ಪನ ದೋಣಿ ಹುಟ್ಟಿನ ಹಂಗೆ ಇರ್ಲಿ" ಎಂದು ಹಟ ಹಿಡಿದ. ನಾನೂ ಮಾಡಿಕೊಟ್ಟೆ. ಮೂರನೇ ದಿನ ವಾಪಸ್ ಬಂದ. ಮೊದಲು ಮೂರು ಹಾಡಿಗೆ ನೋಯುತ್ತಿದ್ದದ್ದು ಈಗ ಒಂದಕ್ಕೇ ನೋಯುತ್ತಿತ್ತು. ಅವನ ಮನೆಯಲ್ಲಿ ಅಪ್ಪ ಮಾತ್ರ ಅದನ್ನು ಹಿಡಿದು ನೋಡಿ, "ಹುಟ್ಟು ಚಲೋ ಆಗದೆ, ಇದಕ್ಕೆ ತಂತಿ ಎಂತಕ್ಕೆ?" ಅಂದರಂತೆ.

ಕಣ್ಣು ಮುಚ್ಚಿದ ಪರೀಕ್ಷೆ

ಆಮೇಲೆ ನನಗೆ ಬುದ್ಧಿ ಬಂತು. ತಂತಿಯಿಲ್ಲದ ಬರೀ ಕುತ್ತಿಗೆಗಳನ್ನು ಐದು ಬಗೆಯಲ್ಲಿ ಕೆತ್ತಿ ನಂಬರು ಹಾಕಿದೆ. ಒಂದನೆಯದು ಒನಕೆಯಂತೆ ದುಂಡು, ಎರಡನೆಯದು ಅದಕ್ಕಿಂತ ಸಪೂರ, ಮೂರನೆಯದರ ಬೆನ್ನು ಚಪ್ಪಟೆ, ನಾಲ್ಕನೆಯದು ಹಲಗೆಯಷ್ಟು ತೆಳು, ಐದನೆಯದರ ಬೆನ್ನು ದೋಣಿಯ ತಳದಂತೆ ಚೂಪು.

ಅವನು ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೊಂದನ್ನೇ ಹಿಡಿದು ಕೂತ. ತೀರ್ಮಾನವಿಲ್ಲ. ನನ್ನ ಹೆಂಡತಿಗೆ ತಾಳ್ಮೆ ಮುಗಿಯಿತು. "ಕಣ್ಣು ಮುಚ್ಚು ತಮಾ" ಎಂದು ಅವನ ಕೈಗೆ ಒಂದಾದ ಮೇಲೊಂದು ಕೊಟ್ಟಳು.

"ಇದು ದಪ್ಪ ಆತು."

"ಇದು?"

"ಇದು ಸಪೂರ."

"ಇದು?"

"ಹಾಂ ಅಕ್ಕಾ, ಇದೇ ಸರಿ."

ಮೂರು ಸಲವೂ ಅವಳು ಕೊಟ್ಟದ್ದು ಎರಡನೇ ನಂಬರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಸುಮ್ಮನಿರುತ್ತಾಳೆಯೇ, ನನ್ನನ್ನೂ ಕಣ್ಣು ಮುಚ್ಚಿಸಿದಳು. ನಾನು ಹಿಡಿದು ನೋಡಿ, "ಇದು ಒಂದನೇ ನಂಬರು. ಕೆತ್ತಿದವ ನಾನು, ನನಗೆ ಗೊತ್ತಾಗೂದಿಲ್ವಾ?" ಎಂದು ಗತ್ತಿನಿಂದ ಹೇಳಿದೆ. ಕಣ್ಣು ಬಿಟ್ಟರೆ ಕೈಯಲ್ಲಿ ಚಪಾತಿ ಲಟ್ಟಣಿಗೆ.

ಭಟ್ಕಳದ ಸಾಹೇಬರು

ಹೊಸ ಕುತ್ತಿಗೆಗೆ ಒಳ್ಳೆಯ ಮರ ಬೇಕಿತ್ತು. ಯಾವುದಕ್ಕೆ ಯಾವ ಮರವೆಂದು ಕೇಳಲು ಐದೂ ಮಾದರಿ ಚೀಲಕ್ಕೆ ತುಂಬಿಕೊಂಡು ಭಟ್ಕಳಕ್ಕೆ ಹೋದೆ. ಅಲ್ಲಿಯ ಮರದ ವ್ಯಾಪಾರಿ, ವಯಸ್ಸಾದ ನವಾಯತ ಸಾಹೇಬರು, ಜೀವಮಾನದಲ್ಲಿ ಗಿಟಾರು ಮುಟ್ಟಿದವರಲ್ಲ. ಆದರೂ ಒಂದೊಂದನ್ನೂ ತಿರುಗಿಸಿ ನೋಡಿ ಐದನೆಯದನ್ನು ತೆಗೆದಿಟ್ಟರು. "ಇದರಲ್ಲಿ ಏನೋ ಖೂಬಿ ಇದೆ ಆಚಾರಿ. ಒಂದು ವಾರ ನನ್ನ ಹತ್ತಿರ ಇರಲಿ, ನೋಡಿ ಹೇಳ್ತೇನೆ" ಅಂದರು.

ಮರ ತಿಳಿದವರು, ಏನೋ ಹೇಳಿಯಾರು ಎಂದು ಆಸೆಯಿಂದ ವಾರ ಬಿಟ್ಟು ಹೋದೆ. ಸಾಹೇಬರು ಅಂಗಿಯ ಕೊರಳೊಳಗಿಂದ ಐದನೇ ನಂಬರು ಇಳಿಬಿಟ್ಟು ಬೆನ್ನು ತುರಿಸಿಕೊಳ್ಳುತ್ತಿದ್ದರು. "ಸಂಗೀತದ್ದು ನನಗೆ ಗೊತ್ತಿಲ್ಲ, ಬೆನ್ನಿಗೆ ಮಾತ್ರ ಇಂಥ ಆರಾಮ್ ಬೇರೆ ಇಲ್ಲ" ಅಂದರು. ನನ್ನ ಹತ್ತಿರ ಉಳಿದದ್ದು ನಾಲ್ಕು.

ಸೀಯಾಳದ ಕತ್ತಿ

ಆರತಕ್ಷತೆಗೆ ವಾರವಿದೆ ಎನ್ನುವಾಗ ಕುಮಟೆಯವನು ಮತ್ತೆ ಬಂದ, ಎರಡು ಸೀಯಾಳ ಹಿಡಿದುಕೊಂಡು. "ಬಿಡಿ ಆಚಾರ್ರೇ. ನಿಮಗೂ ತ್ರಾಸು ಕೊಟ್ಟೆ. ಯಜಮಾನರಿಗೆ ನಾಳೆ ಹೇಳಿಬಿಡ್ತೆ" ಅಂದ. ಅಷ್ಟು ದೊಡ್ಡ ಆಳು ತಲೆ ತಗ್ಗಿಸಿ ನಿಂತದ್ದು ನೋಡಿ ನನಗೆ ಸಂಕಟವಾಯಿತು.

ಸೊಂಟದಿಂದ ಕತ್ತಿ ತೆಗೆದು ಸೀಯಾಳ ಕೆತ್ತಿದ. ಮೂರೇ ಏಟು. ಆಗ ನೋಡಿದೆ, ಕತ್ತಿ ಇದ್ದದ್ದು ಅದೇ ನೋಯುವ ಎಡಗೈಯಲ್ಲಿ, ಆಸಾಮಿ ಎಡಚ. ಗಿಟಾರನ್ನು ಮಾತ್ರ ಎಲ್ಲರಂತೆ ಹಿಡಿದು ಕಲಿತವನು.

"ದಿನಕ್ಕೆ ಎಷ್ಟು ಕೆತ್ತುತ್ತಿ ತಮಾ?"

"ನೂರೈವತ್ತು ಆಗ್ತದೆ. ಹದಿನೈದು ವರ್ಷದಿಂದ ಇದೇ ಕತ್ತಿ."

"ಕೈ ನೋಯೂದಿಲ್ವಾ?"

"ಕತ್ತಿ ಹಿಡಿದ್ರೆ ಎಂತಕ್ಕೆ ನೋಯ್ತದೆ?"

ಕತ್ತಿ ಕಸಿದುಕೊಂಡು ಅದರ ಹಿಡಿ ನೋಡಿದೆ. ಹದಿನೈದು ವರ್ಷ ಅವನ ಅಂಗೈ ಉಜ್ಜಿ ಉಜ್ಜಿ ಅದು ಒಂದು ಬದಿ ಉಬ್ಬಾಗಿ ಉಳಿದು, ಇನ್ನೊಂದು ಬದಿ ಸವೆದು ಸೊಟ್ಟಗಾಗಿತ್ತು. ನನ್ನ ಯಾವ ನಂಬರಿಗೂ ಸೇರದ ಆಕಾರ, ಎಲ್ಲಕ್ಕಿಂತ ಸಪೂರ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಕತೆ. ಕತ್ತಿ ಇಟ್ಟುಕೊಂಡು ಅವನನ್ನು ಮನೆಗೆ ಕಳಿಸಿದೆ. ಆ ಸೊಟ್ಟವನ್ನೇ ಕೂದಲೆಳೆ ತಪ್ಪದಂತೆ ಕುತ್ತಿಗೆಯ ಉದ್ದಕ್ಕೂ ಇಳಿಸಿದೆ.

ಆರತಕ್ಷತೆಗೆ ನಾನೂ ಹೆಂಡತಿಯೂ ಕುಮಟೆಗೆ ಹೋದೆವು. ಹಾಡು ಯಾರು ಕೇಳಿದರು? ನಾನು ಅವನ ಎಡಗೈ ನೋಡುತ್ತ, ಬೆರಳು ಮಡಿಸಿ ಎಣಿಸುತ್ತ ಕೂತಿದ್ದೆ. ಮೂರು ಆಯಿತು. ನಾಲ್ಕು. ಹತ್ತು. ಹದಿನಾಲ್ಕನೆಯದು ಮುಗಿದಾಗ ಯಜಮಾನರೇ ಮೈಕು ಹಿಡಿದು, "ಇನ್ನೊಂದು ಆಗ್ಲಿ" ಅಂದರು. ಅವನು ನನ್ನ ಕಡೆ ನೋಡಿ ಎಡಗೈ ಎತ್ತಿ ಬೆರಳುಗಳನ್ನು ಪಟಪಟ ಆಡಿಸಿ ತೋರಿಸಿದ. ನನ್ನ ಕಣ್ಣು ತುಂಬಿತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಗೋವಾದಿಂದ ಬಂದಿದ್ದ ಗಿಟಾರಿನವನೊಬ್ಬ ಆ ಕುತ್ತಿಗೆಯನ್ನು ಸವರಿ ಸವರಿ ನೋಡಿ ನನ್ನ ಹತ್ತಿರ ಬಂದ. "ಇದು ಯಾವ ಮಾಡೆಲ್? ನನಗೂ ಇಂಥದ್ದೇ ಕೈಗೆ ಒಗ್ಗುವಂಥದ್ದು ಮಾಡಿಕೊಡಿ. ಎಷ್ಟು ದಿನ ಬೇಕು?"

"ನನಗೆ ಒಂದೇ ವಾರ ಸಾಕು" ಅಂದೆ. "ನೀವು ಮೊದಲು ಹದಿನೈದು ವರ್ಷ ಸೀಯಾಳ ಕೆತ್ತಿ ಬನ್ನಿ."