ಮಾವನಿಗೊಂದು ಮರದ ಹೆಸರು

ಎಲ್ಲ ಅನರ್ಥಕ್ಕೂ ಕಾರಣ ಒಂದು ಸಣ್ಣ ಮಾತು. ಬೆಳಿಗ್ಗೆ ಹೆಂಡತಿ ಫೋನಿನಲ್ಲಿ ತನ್ನ ಅಪ್ಪನಿಗೆ, "ಹೊಸ ಬಾಡಿಗೆ ಮನೆ ಮುಂದೆ ಒಂದು ಮರ ಇದೆಯಪ್ಪಾ. ಮೈಯೆಲ್ಲ ಮುಳ್ಳು, ತಲೆ ತುಂಬ ಗುಲಾಬಿ ಬಣ್ಣದ ಹೂವು. ಏನು ಮರವೋ ಯಾರಿಗೂ ಗೊತ್ತಿಲ್ಲ" ಅಂದಳು. ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ ಗಂಡ ಸುಮ್ಮನಿರಬಹುದಿತ್ತು. "ನನಗೆ ಗೊತ್ತು. ಮಾವ ಬರಲಿ, ಹೇಳ್ತೀನಿ" ಅಂದುಬಿಟ್ಟ.

ಮಾವ ಅವತ್ತೇ ಸಂಜೆ ಐದರ ಬಸ್ಸಿಗೆ ಬರುವವರಿದ್ದರು. ಒಂದು ರಾತ್ರಿ ಇದ್ದು ಹೋಗುವುದು ಅವರ ಪದ್ಧತಿ. ಮೂವತ್ತೈದು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಅವರು. ಅಳಿಯನದು ಕನ್ನಡಕದ ಅಂಗಡಿ. ಮದುವೆಯಾಗಿ ಎಂಟು ವರ್ಷವಾದರೂ ಮಾವ ಅವನನ್ನು ನೋಡುತ್ತಿದ್ದುದು ಹಾಲ್ ಟಿಕೆಟ್ ಮರೆತು ಪರೀಕ್ಷೆಗೆ ಬಂದ ಹುಡುಗನನ್ನು ನೋಡುವ ಹಾಗೆ. ಹಿಂದೊಮ್ಮೆ ಅವನು ಆಸ್ಪತ್ರೆಯ ಪ್ಲಾಸ್ಟಿಕ್ ಗಿಡಕ್ಕೆ ಮುತುವರ್ಜಿಯಿಂದ ನೀರು ಹಾಕಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಇವತ್ತಾದರೂ ಅವರ ಬಾಯಿಂದ ಒಂದು 'ಭೇಷ್' ಬರಲಿ ಅಂತ ಅಳಿಯನ ಆಸೆ.

ಅಂಗಡಿಗೆ ಬೀಗ ಹಾಕಿ ಮರದ ಬುಡದಲ್ಲಿ ನಿಂತ. ಊಟ ಜಾಸ್ತಿಯಾದವರ ಹೊಟ್ಟೆಯ ಹಾಗೆ ಕಾಂಡ ನಡುವೆ ಉಬ್ಬಿತ್ತು. ಕೈ ಇಡಲು ಜಾಗವಿಲ್ಲದಷ್ಟು ಮುಳ್ಳು.

"ಏನು ಕಳಕೊಂಡ್ರಿ?" ಅಂತ ಪಕ್ಕದ ಮನೆಯ ನಿವೃತ್ತ ದಫೇದಾರರು ಬಂದರು. ವಿಷಯ ಕೇಳಿ, "ಬೂರುಗ ಕಣ್ರೀ, ಅನುಮಾನವೇ ಬೇಡ" ಅಂತ ತೀರ್ಪು ಕೊಟ್ಟರು.

"ಬೂರುಗದ ಹೂವು ಕೆಂಪು. ಇದು ನನ್ನ ದಾರದ ಡಬ್ಬಿಯ ಹನ್ನೊಂದನೇ ನಂಬರಿನ ಗುಲಾಬಿ" ಅಂತ ಆಚೆ ಮನೆಯ ಮಹಡಿಯಿಂದ ಟೈಲರಮ್ಮ ಕೂಗಿದರು.

ಎದುರುಮನೆಯ ಲೈಬ್ರರಿ ಮೇಡಂ ಇಟ್ಟಿಗೆಯಷ್ಟು ದಪ್ಪದ ಪುಸ್ತಕ ಹಿಡಿದು ಇಳಿದೇ ಬಂದರು. "ಹೂವನ್ನು ಹತ್ತಿರದಿಂದ ನೋಡದೆ ಹೇಳೋಕಾಗಲ್ಲ."

ಹೂವೋ ಎರಡು ಆಳೆತ್ತರದಲ್ಲಿತ್ತು. ಅಳಿಯ, ಬೀದಿಯಲ್ಲಿ ಯಾರದೋ ಗೋಡೆಗೆ ಬಣ್ಣ ಹೊಡೆಯುತ್ತಿದ್ದವನ ಏಣಿಯನ್ನು ಕೇಳದೆಯೇ ತಂದು, ಕೊಂಬೆಗೆ ಒರಗಿಸಿ ಹತ್ತಿದ. ಏಣಿ ಬಿಟ್ಟು ಕೊಂಬೆಗೆ ಕಾಲಿಟ್ಟಿದ್ದನಷ್ಟೇ, ಬಣ್ಣದವನು ಗೊಣಗುತ್ತಾ ಬಂದು, ಮೇಲೆ ನೋಡದೆ, ಏಣಿ ಹೊತ್ತುಕೊಂಡು ಹೊರಟೇಹೋದ. ಕೂಗೋಣವೆಂದು ತಿರುಗಿದರೆ ಪ್ಯಾಂಟು ಮುಳ್ಳಿಗೆ ಸಿಕ್ಕಿಕೊಂಡಿತು.

"ನನ್ನನ್ನ ಇಳಿಸ್ರೀ!"

"ಇಳಿಸೋಣ. ಮೊದಲು ದಳ ಎಷ್ಟು ಹೇಳಿ" ಅಂದರು ಮೇಡಂ, ಪುಸ್ತಕ ಬಿಡಿಸಿ.

"ಐದು! ಒಳಗೆ ಕೆನೆ ಬಣ್ಣ!"

"ಎಲೆ?"

"ಬೆರಳು ಬಿಡಿಸಿದ ಕೈ ಹಾಗೆ! ಅಂಚು ಗರಗಸ!"

"ತೊಗಟೆ ಹಸಿರಾ?"

"ಹಸಿರು! ಮೇಡಂ, ಪ್ಯಾಂಟು ಹರೀತಾ ಇದೆ!"

"ಅಯ್ಯೋ, ಅದು ನಾನು ಹೊಲಿದ ಪ್ಯಾಂಟು!" ಅಂತ ಟೈಲರಮ್ಮ ಎದೆ ಬಡಿದುಕೊಂಡರು.

ಮೇಡಂ ನಿಧಾನವಾಗಿ ಹಾಳೆ ಮಗುಚಿದರು. "ಸಿಕ್ಕಿತು! ರೇಷ್ಮೆಹತ್ತಿ ಮರ. ದಕ್ಷಿಣ ಅಮೆರಿಕದ್ದು. ಶಾಸ್ತ್ರೀಯ ಹೆಸರು ಸೀಬಾ ಸ್ಪೆಸಿಯೋಸಾ."

ದಫೇದಾರರು ಊಟದ ಮೇಜು ತಂದು ಹಾಕಿದರು. ಅಳಿಯ ಅರ್ಧ ಪ್ಯಾಂಟನ್ನು ಮರಕ್ಕೇ ಬಿಟ್ಟು ಇಳಿದ. ಮುಂದಿನ ಒಂದು ಗಂಟೆ, ಗೀರುಗಳಿಗೆ ಹೆಂಡತಿ ಮುಲಾಮು ಹಚ್ಚುತ್ತಿದ್ದರೆ, ಅವನು ಪುಸ್ತಕದ ಆ ಪುಟವನ್ನು ಬಾಯಿಪಾಠ ಮಾಡಿದ.

ಮಾವ ಬಂದವರೇ ಗೇಟಿನ ಬಳಿ ನಿಂತು ಮರವನ್ನು ಮೇಲಿಂದ ಕೆಳಗೆ ನೋಡಿದರು. "ಹೂಂ. ಏನಿದು, ಹೇಳಿ ನೋಡೋಣ."

ಅವನು ಹೆಸರು, ತವರು, ದಳ, ಎಲೆ ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಅಳಿಯಂದಿರೇ, ನಿಜ ಹೇಳ್ತೀನಿ, ಮಗಳಿಗೆ ಹೇಳಬೇಡಿ. ಈ ಮರ ನಾನು ಜನ್ಮದಲ್ಲೇ ನೋಡಿಲ್ಲ. ನಿಮ್ಮ ಮುಂದೆ ಮರ್ಯಾದೆ ಹೋಗುತ್ತಲ್ಲ ಅಂತ ಬಸ್ಸಿನಲ್ಲಿ ಕೂತು ಬೆವರಿದೆ. ಭೇಷ್!"

ಎಂಟು ವರ್ಷದ ಭಾರ ಇಳಿದು ಅಳಿಯ ಹತ್ತಿಯಂತೆ ಹಗುರಾದ. ಮಾವ ಅವನ ಹೆಗಲ ಮೇಲೆ ಕೈಯನ್ನೂ ಹಾಕಿದರು. ಅದೂ ಮೊದಲ ಸಲ.

"ಇದರ ಕಾಯಿ ಒಡೆದು ಹತ್ತಿ ಹಾರೋದು ಯಾವಾಗ?"

"ಹೂವಾದ ಮೇಲೆ ಸುಮಾರು ಆರು ತಿಂಗಳಿಗೆ, ಮಾವ" ಅಂದ ಅವನು, ಪಾಠ ಬಂದ ಹುಮ್ಮಸ್ಸಿನಲ್ಲಿ.

ಮಾವ ತೃಪ್ತಿಯಿಂದ ತಲೆದೂಗಿ ಬಾಗಿಲ ಕಡೆ ತಿರುಗಿದರು. "ಮಗಳೇ, ಮಹಡಿ ಮೇಲಿನ ಕೋಣೆ ಖಾಲಿ ಮಾಡಿಸಮ್ಮ. ಹತ್ತಿ ಹಾರೋವರೆಗೂ ನಾನು ಇಲ್ಲೇ ಇರ್ತೀನಿ. ಬೆಳಿಗ್ಗೆ ಐದೂವರೆಗೆ ನನ್ನ ಈ ಹೊಸ ಗುರುಗಳನ್ನ ಎಬ್ಬಿಸಿಬಿಡು. ಈ ಬೀದೀಲಿ ಇನ್ನೂ ಮೂವತ್ತು ಮರ ಇದೆ. ದಿನಕ್ಕೊಂದರಂತೆ ನನಗೆ ಹೇಳಿಕೊಡ್ತಾರೆ!"